ಎದ್ದು ಹೋದವರ ಕಾಯಿ

ಮೊನ್ನೆ ಪಕ್ಕದ ಮನೆಯವರು ಅಂಗಳದಲ್ಲಿ ಹುಣಸೆಹಣ್ಣು ಕುಟ್ಟುತ್ತಿದ್ದರು. ಬಿಸಿಲಿಗೆ ಕಾದ ಆ ಹುಳಿವಾಸನೆ ಒಳಗೆ ಬಂದದ್ದೇ ತಡ, ಎದುರು ಮನೆಯ ಅಕ್ಕ ನೆನಪಾದರು. ಹುಣಸೆಬೀಜವನ್ನು ಒಂದು ಮಗ್ಗುಲು ಬೆಳ್ಳಗಾಗುವವರೆಗೆ ಕಲ್ಲಿಗೆ ಉಜ್ಜಿ, ಊದಿ, ಅಂಗೈಯಲ್ಲಿ ಕುಲುಕಿ ಹಾಕುತ್ತಿದ್ದ ಅವರ ಕೈ...

ನಾನು ಮದುವೆಯಾಗಿ ಚಿತ್ರದುರ್ಗಕ್ಕೆ ಬಂದ ಹೊಸದರಲ್ಲಿ, ಭಾನುವಾರ ಮಧ್ಯಾಹ್ನ ನಾನೂ ನಾದಿನಿಯೂ ಚೌಕಾಬಾರ ಆಡುತ್ತಿದ್ದೆವು. ಗೆದ್ದವರು ಹೊಸದೊಂದು ನಿಯಮ ಸೇರಿಸಬಹುದು, ಇಲ್ಲವೇ ಹಳೆಯದೊಂದನ್ನು ತೆಗೆಯಬಹುದು ಎಂಬುದು ನಮ್ಮ ಮನೆಯ ಪದ್ಧತಿ. ಹಾಗಾಗಿ ಒಂದು ವಾರದ ಆಟ ಮುಂದಿನ ವಾರ ಹಾಗೆಯೇ ಇರುತ್ತಿರಲಿಲ್ಲ. ಯಾವುದಾದರೂ ನಿಯಮದ ಅರ್ಥದಲ್ಲಿ ಅನುಮಾನ ಬಂದರೆ ನಾದಿನಿ ನನ್ನ ಮುಖ ನೋಡುತ್ತಿದ್ದಳು. ಆ ಊರಲ್ಲಿ ನನ್ನ ಮಾತಿಗೆ ಬೆಲೆ ಇದ್ದದ್ದು ಅದೊಂದೇ ಜಾಗ.

ಹೊಳಲ್ಕೆರೆಯಿಂದ ಅಕ್ಕ ಎದುರು ಮನೆಗೆ ಬಾಡಿಗೆಗೆ ಬಂದರು. ಆಟಕ್ಕೂ ಬಂದರು. ತಿಂಗಳಾಗುವಷ್ಟರಲ್ಲಿ ನಾದಿನಿ ನೋಡುವ ಮುಖ ಬದಲಾಗಿತ್ತು. ಜಡೆ ಹಾಕಿಸಿಕೊಳ್ಳಲೂ ಅಲ್ಲಿಗೇ ಓಡುತ್ತಿದ್ದಳು. ಒಂದು ಸಂಜೆ ಇಬ್ಬರೂ ಚಂದ್ರವಳ್ಳಿಗೆ ಹೋಗಿ ಬಂದರು. ನನ್ನನ್ನು ಒಂದು ಮಾತು ಕೇಳಲಿಲ್ಲ. ಅವರ ನಗು ಬೀದಿಯ ತಿರುವಿನಿಂದಲೇ ಕೇಳಿಸಿತು. ನಾನು ಬಾಗಿಲು ಮುಂದಕ್ಕೆ ಮಾಡಿದೆ.

ಒಮ್ಮೆ ಗೆದ್ದಾಗ ನಾನೊಂದು ನಿಯಮ ಮಾಡಿದ್ದೆ: ಆಟದ ನಡುವೆ ಎದ್ದು ಹೋದವರ ಕಾಯಿ ಸತ್ತಂತೆ. ಮುಂದಿನ ಭಾನುವಾರ ನಾದಿನಿ ಗೆಲ್ಲುವುದರಲ್ಲಿದ್ದಳು. ಒಳಗಿನಿಂದ ಅತ್ತೆ ನೀರು ಕೇಳಿದರು. ಅವಳು ಎದ್ದು ಕೊಟ್ಟು ಬರುವಷ್ಟರಲ್ಲಿ ನಾನು ಅವಳ ಕಾಯಿ ಎತ್ತಿದ್ದೆ.

"ಏ, ಇಡಮ್ಮ," ಎಂದರು ಅಕ್ಕ. "ಎದ್ದು ಹೋದವರು ಅಂದ್ರೆ ಸಿಟ್ಟು ಮಾಡ್ಕೊಂಡು ಹೋದವರು. ನೀರು ಕೊಡಾಕೆ ಹೋಗಿದ್ದು ಎದ್ದು ಹೋದಂಗಲ್ಲ."

"ನಿಯಮ ಮಾಡಿದ್ದು ನಾನು. ಅದರ ಅರ್ಥ ನಂಗೆ ಗೊತ್ತೈತೆ," ಎಂದೆ.

"ಮಾಡೋವಾಗ ನಿಂದು ಕಣಮ್ಮ. ಆಡೋವಾಗ ಎಲ್ಲಾರದು."

ನಾದಿನಿ ಕಿಸಕ್ಕನೆ ನಕ್ಕಳು. ನಾನು ಎತ್ತಿದ್ದ ಕಾಯಿ ಅಲ್ಲೇ ಹಾಕಿ, ಎದ್ದು ಅಡುಗೆಮನೆಗೆ ನಡೆದುಬಿಟ್ಟೆ.

"ಈಗ ಅತ್ತಿಗೆ ಕಾಯಿ ಸತ್ತವು ಅಲ್ವೇನಕ್ಕ? ಸಿಟ್ಟು ಮಾಡ್ಕೊಂಡೇ ಹೋದ್ರು," ಎಂದು ನಾದಿನಿ ಕೇಳಿದ್ದು ಒಳಗೆ ಕೇಳಿಸಿತು.

"ಯಾವ ಸಿಟ್ಟೇ? ಒಲೆ ಮೇಲೆ ಹಾಲು ಐತೆ, ನೋಡಾಕೆ ಹೋಗಿದಾಳೆ. ಕಾಯಿ ಮುಟ್ಟಬ್ಯಾಡ."

ಒಲೆಯ ಮೇಲೆ ಏನೂ ಇರಲಿಲ್ಲ. ಸೋತಿದ್ದರೆ ಅಷ್ಟು ಉರಿಯುತ್ತಿರಲಿಲ್ಲವೇನೋ... ನನ್ನ ಸಿಟ್ಟಿಗೂ ಅವರೇ ಅರ್ಥ ಹೇಳಿ, ನನ್ನ ಕಾಯಿ ಉಳಿಸಿಬಿಟ್ಟಿದ್ದರು.

ಆಮೇಲೆ ಅವರು ಹಿರಿಯೂರಿಗೆ ಹೋದರು. ನಾದಿನಿ ಮದುವೆಯಾಗಿ ಹೊಸದುರ್ಗ ಸೇರಿದಳು. ಹೋದ ವರ್ಷ, ಅಕ್ಕ ತೀರಿಕೊಂಡರೆಂದು ಫೋನಿನಲ್ಲಿ ಹೇಳುತ್ತಾ ಬಿಕ್ಕಿ ಬಿಕ್ಕಿ ಅತ್ತಳು. ನಾನು ಸತ್ತರೆ ಇವಳು ಹೀಗೆ ಅಳುತ್ತಾಳೆಯೇ ಎಂದು, ಆಗಲೂ, ಒಂದು ಗಳಿಗೆ ಅನ್ನಿಸಿತು.

ನಿನ್ನೆ ನಾದಿನಿ ಬಂದಿದ್ದಳು. ಇಬ್ಬರೇ ಆಡಲು ಕೂತೆವು. ನಡುವೆ ಒಂದು ನಿಯಮದ ಬಗ್ಗೆ ಅನುಮಾನ ಬಂತು. ನಾನೇ ಒಂದು ಅರ್ಥ ಹೇಳಿದೆ. ಅದು ನನಗೆ ಅನುಕೂಲವಾದ ಅರ್ಥ. ಅವಳಿಗೂ ಅದು ಗೊತ್ತಾಯಿತು. ಆದರೂ ವಾದ ಮಾಡದೆ, ತಲೆ ತಗ್ಗಿಸಿ ಕಾಯಿ ನಡೆಸಿದಳು. ನಾನು ಹೇಳಿದ್ದು ತಪ್ಪು ಎನ್ನುವವರು ನಮ್ಮ ಆಟದಲ್ಲಿ ಈಗ ಯಾರೂ ಇಲ್ಲ.