ಅತ್ತೆ ತೊಳೆದಿಟ್ಟ ಟೆಂಪೆ

ಮೊನ್ನೆ ಸೊಸೆ ಫ್ರಿಜ್ಜಿನಲ್ಲಿಟ್ಟಿದ್ದ ಪೊಟ್ಟಣ ಬಿಚ್ಚಿದೆ ನೋಡಿ, ಗಪ್ಪೆಂದು ಅಣಬೆಯ ವಾಸನೆ. ಒಳಗೆ ಮೈತುಂಬ ಬಿಳಿ ಬೂಷ್ಟು ಹೊದ್ದ ಸೋಯಾಕಾಳಿನ ಬಿಲ್ಲೆ. ಅದು ಟೆಂಪೆ, ಇಂಡೋನೇಷ್ಯಾದ ತಿನಿಸು, ಬೂಷ್ಟೇ ಅದರ ಜೀವ ಎಂದು ಗೊತ್ತಿದ್ದೂ ನನ್ನ ಕೈ ತಾನಾಗಿ ನಲ್ಲಿ ತಿರುಗಿಸಿತು. ತಪ್ಪು ನನ್ನದಲ್ಲ, ನಮ್ಮತ್ತೆಯ ಬಳುವಳಿ.

ತೊಂಬತ್ತರ ದಶಕದ ಮಾತು. ಸೊರಬದ ಹೊಸಬಾಳೆಯಿಂದ ಶಿಕಾರಿಪುರಕ್ಕೆ ಸೊಸೆಯಾಗಿ ಬಂದು ಮೂರು ತಿಂಗಳಾಗಿತ್ತು. ಕಾಯಿ ತುರಿಯಬಹುದು, ಬೆಳ್ಳುಳ್ಳಿ ಬಿಡಿಸಬಹುದು, ಒಲೆ ಮುಂದೆ ಮಾತ್ರ ಕೂರುವಂತಿಲ್ಲ. ನಮ್ಮ ಕಡೆಯ ಅಡುಗೆ ಸಪ್ಪೆ ಎಂಬುದು ಅತ್ತೆಯ ನಂಬಿಕೆ. ಆಗ ಊರಲ್ಲಿ ಹೆಂಗಸರಿಗೆ ಸೋಯಾ ಅಡುಗೆಯ ತರಬೇತಿ ನಡೆಯಿತು. ಹೋದೆ. ಬರುವಾಗ ಟೆಂಪೆಗೆ ಹೆಪ್ಪು ಹಾಕುವ ಪುಡಿ ಒಂದೇ ಒಂದು ಪೊಟ್ಟಣ ಕೊಟ್ಟರು. ಮಸಾಲೆ ಹಾಕಿದರೆ ಥೇಟ್ ಮಾಂಸದ ಹಾಗೇ ಇರುತ್ತದೆಂದು ಮನೆಯಲ್ಲಿ ಕೊಚ್ಚಿಕೊಂಡೆ. ಲಿಂಗ ಕಟ್ಟಿದ ಮನೆಯಲ್ಲಿ ಇದಕ್ಕಿಂತ ಪೆದ್ದು ಮಾತುಂಟೆ?

ಅತ್ತೆ ಬೈಯಲಿಲ್ಲ. “ಮಾಡು ನೋಡಾಣ. ಚೆನ್ನಾಗಾದ್ರೆ ಒಲೆ ನಿಂದು. ಇಲ್ಲಾಂದ್ರೆ ಸುಮ್ನೆ ಕಾಯಿ ತುರಿ” ಎಂದರು. ಮಾಂಸದ ರುಚಿ ಬಲ್ಲವರು ಮನೆಯಲ್ಲಿ ಯಾರೂ ಇಲ್ಲವಲ್ಲ, ಹಾಗಾಗಿ ನಮ್ಮ ಹೊಲದಲ್ಲಿ ಗೊಬ್ಬರಕ್ಕೆಂದು ಕುರಿ ತಂಗಿಸಿದ್ದ ಉಡುತಡಿಯ ಮಾಲ್ತೇಶಣ್ಣನೇ ತೀರ್ಪು ಹೇಳಬೇಕೆಂದಾಯಿತು.

ಕಾಳು ನೆನೆಸಿ, ಸಿಪ್ಪೆ ತೆಗೆದು, ಬೇಯಿಸಿ, ಆರಿಸಿ, ಪುಡಿ ಬೆರೆಸಿ ಬಾಳೆಎಲೆಯಲ್ಲಿ ಕಟ್ಟಿಟ್ಟೆ. ಮೂರನೆಯ ದಿನ ಬಟ್ಟೆ ಒಗೆದು ಬರುವಷ್ಟರಲ್ಲಿ ಗಂಟುಗಳೇ ಮಾಯ! ಅತ್ತೆ ಕಾಳು ಕಾಳೂ ಬಿಡಿಸಿ, ಅರಿಶಿನದ ನೀರಿನಲ್ಲಿ ತಿಕ್ಕಿ ತೊಳೆದು, ಸಂಡಿಗೆಯಂತೆ ಮಾಳಿಗೆ ಮೇಲೆ ಹರವಿದ್ದರು.

“ಬೂಷ್ಟು ಹಿಡ್ದಿತ್ತು ಕಣೆ. ನಿನ್ನ ಮರ್ಯಾದೆ ಹೋಗಬಾರ್ದು ಅಂತ ಯಾರಿಗೂ ಹೇಳ್ದಂಗೆ ತೊಳ್ದೆ” ಎಂದರು.

ನನ್ನ ಮಾನ ಉಳಿಸಲು ಮಾಡಿದ ಕೆಲಸವದು. ಬೂಷ್ಟೇ ಬೇಕಾಗಿತ್ತು, ಹೆಪ್ಪು ಇನ್ನಿಲ್ಲ ಎಂದು ಹೇಳುತ್ತ ಹೇಳುತ್ತಲೇ ಅತ್ತುಬಿಟ್ಟೆ. ಅತ್ತೆ ಪೆಚ್ಚಾದರು. ಆಮೇಲೆ ಹಿತ್ತಲಿಗೆ ಹೋಗಿ, ಎಮ್ಮೆಗೆಂದು ಎತ್ತಿಟ್ಟಿದ್ದ ಅವೇ ಬಾಳೆಎಲೆಗಳನ್ನು ತಂದರು. ಅಲ್ಲಲ್ಲಿ ಬಿಳಿ ಅಂಟಿಕೊಂಡಿತ್ತು.

“ಮೊಸರು ಖಾಲಿಯಾದ್ರೆ ಗಡಿಗೆ ಬಳಿದು ಹೆಪ್ಪು ಹಾಕಲ್ವೇನೆ? ಕಾಳು ನೆನೆಹಾಕು.”

ಈ ಸಲ ಅವೇ ಎಲೆಗಳಲ್ಲಿ ಇಬ್ಬರೂ ಕೂಡಿ ಕಟ್ಟಿದೆವು. ತಮ್ಮ ಕಂಬಳಿಯನ್ನೇ ಹೊದಿಸಿ ಅತ್ತೆ ಬಾಣಂತಿ ಕೋಣೆ ಕಾಯುವಂತೆ ಕಾವಲು ಕಾದರು. ಗಂಟು ಬಿಚ್ಚಿದರೆ ಬೆಳ್ಳಗೆ, ಗಟ್ಟಿಯಾಗಿ, ಒಂದೇ ತುಂಡು. ಲವಂಗ, ಚಕ್ಕೆ, ಕಾಯಿ ಅರೆದು ಕುದಿಸಿದೆ. ಮಾಲ್ತೇಶಣ್ಣ ರೊಟ್ಟಿ ಮುರಿದು ಅದ್ದಿ, ನಿಧಾನವಾಗಿ ಅಗಿದ.

“ಮಾಂಸದಂಗೇನಿಲ್ಲ ಬಿಡವ್ವ” ಎಂದ. ತಟ್ಟೆ ಮುಂದೆ ಚಾಚಿದ. “ಇದರ ರುಚಿ ಇದಕ್ಕೇ ಐತಿ. ಇನ್ನೊಂಚೂರು ಹಾಕು.”

ಸಂಜೆ ಅಡುಗೆಮನೆಗೆ ಹೋದರೆ ಒಲೆ ಮುಂದಿನ ಮಣೆ ಖಾಲಿ. ಅತ್ತೆ ಗೋಡೆ ಪಕ್ಕ ಕೂತು ಬೆಳ್ಳುಳ್ಳಿ ಬಿಡಿಸುತ್ತಿದ್ದರು.

ಇದೆಲ್ಲ ನೆನಪಾಗಿ ನಲ್ಲಿ ನಿಲ್ಲಿಸಿದೆ. ಬಿಲ್ಲೆ ಒದ್ದೆಯಾಗದೆ ಉಳಿಯಿತು. ಬೆನ್ನ ಹಿಂದೆ ಸೊಸೆ ನಿಂತಿದ್ದಳು.

“ಅತ್ತೆ, ಇವತ್ತೊಂದಿನ ಅಡುಗೆ ನಾನು ಮಾಡ್ಲಾ?”

ಮದುವೆಯಾಗಿ ಎರಡು ವರ್ಷ, ಇನ್ನೂ ಕೇಳಿಯೇ ಮಾಡಬೇಕೆ ಈ ಹುಡುಗಿ! ನನಗೆ ನಾಚಿಕೆಯಾಯಿತು. ಬಿಲ್ಲೆಯನ್ನು ಅವಳ ಕೈಗಿಟ್ಟು, ಬೆಳ್ಳುಳ್ಳಿ ಬುಟ್ಟಿ ಎಳೆದುಕೊಂಡು ಗೋಡೆ ಪಕ್ಕ ಕೂತೆ.