ನನ್ನ ಹೆಬ್ಬೆರಳು, ಅವರ ಕನ್ಸೋಲು

ದಾದರ್ ಸ್ಟೇಷನ್ನಿನ ಸೇತುವೆಯ ಮೆಟ್ಟಿಲಿನಲ್ಲಿ ನಾನು ಬಿದ್ದದ್ದು ಒಂದು ಸೋಮವಾರ ಸಂಜೆ. ಬಾಂದ್ರಾದ ಆಫೀಸಿನಿಂದ ಸಯನ್‌ನ ಮನೆಗೆ ಬರಬೇಕಾದರೆ ದಾದರಿನಲ್ಲಿ ಇಳಿದು ಲೈನ್ ಬದಲಿಸಬೇಕು. ಹದಿನಾರು ವರ್ಷದಿಂದ ಹತ್ತಿ ಇಳಿದ ಮೆಟ್ಟಿಲು ಅದು. ಹಿಂದಿನಿಂದ ಯಾರದೋ ಬ್ಯಾಗು ತಾಗಿತು, ಕಾಲು ತಪ್ಪಿತು, ಬಲಗೈ ಊರಿಕೊಂಡು ಬಿದ್ದೆ. ಎದ್ದು ನಿಂತು, ಏನೂ ಆಗಿಲ್ಲ ಎಂದು ಸುತ್ತಲಿನವರಿಗೆ ಹೇಳಿ, ಮುಂದಿನ ಲೋಕಲ್ ಹಿಡಿದು ಮನೆಗೂ ಬಂದೆ. ಬಾಗಿಲಲ್ಲಿ ಚಪ್ಪಲಿಯ ಪಟ್ಟಿ ಬಿಚ್ಚಲು ಹೋದಾಗ ಗೊತ್ತಾಯಿತು, ಹೆಬ್ಬೆರಳಿನ ಬುಡದಲ್ಲಿ ಏನೋ ಮುರಿದಿದೆ ಎಂದು.

ಪ್ಲಾಸ್ಟರ್ ಬಿಚ್ಚುವ ಹೊತ್ತಿಗೆ ಎರಡೂವರೆ ತಿಂಗಳಾಗಿತ್ತು. ಮೂಳೆ ಕೂಡಿತ್ತು, ಆದರೆ ಹೆಬ್ಬೆರಳು ಮರದ ತುಂಡಿನ ಹಾಗೆ ನೆಟ್ಟಗೆ ನಿಂತಿತ್ತು. ಬಗ್ಗಿಸು ಎಂದರೆ ಬಗ್ಗದು.

ನಾನು ನಲವತ್ತೆರಡು ವರ್ಷದವಳು, ಆಫೀಸಿನಲ್ಲಿ ಕಟ್ಟಡಗಳ ನಕ್ಷೆ ಬಿಡಿಸುವುದು ನನ್ನ ಕೆಲಸ. ಗಂಡ ತಮ್ಮ ಅಣ್ಣನ ಜೊತೆ ಸೇರಿ ಕಾಂದಿವಲಿಯಲ್ಲಿ ಹೋಟೆಲು ನಡೆಸುತ್ತಾರೆ. ಮನೆಯಲ್ಲಿ ನಾವಿಬ್ಬರು ಮತ್ತು ಅತ್ತೆ. ಸಂಜೆ ಏಳರಿಂದ ಒಂಬತ್ತರವರೆಗೆ, ಗಂಡ ಹೋಟೆಲಿನಲ್ಲಿರುವ, ಅತ್ತೆ ತಮ್ಮ ಕೋಣೆಯಲ್ಲಿ ಫೋನಿನಲ್ಲಿ ಧಾರಾವಾಹಿ ನೋಡುವ ಹೊತ್ತು, ನನ್ನದು. ಆ ಎರಡು ಗಂಟೆ ನಾನು ಟಿವಿಯ ಮುಂದೆ ಕೂತು ಗೇಮ್ ಆಡುತ್ತೇನೆ. ಹತ್ತು ಹನ್ನೆರಡು ವರ್ಷದಿಂದ ಆಡುತ್ತಿದ್ದೇನೆ. ಇದನ್ನು ಹೇಳಿದಾಗ ಜನ ನಗುತ್ತಾರೆ. ನನ್ನ ಗಂಡ ದಿನವಿಡೀ ಕ್ರಿಕೆಟ್ ನೋಡಿದರೆ ಯಾರೂ ನಗುವುದಿಲ್ಲ.

ಬೀಳುವ ಮುಂಚೆ ಆಡುತ್ತಿದ್ದದ್ದು ಹಿಮ ಮುಚ್ಚಿದ ಬೆಟ್ಟಗಳ ನಾಡಿನ ಆಟ. ಬಿಲ್ಲು ಹಿಡಿದ ಒಬ್ಬ ಹೆಂಗಸು ಕುದುರೆಯ ಮೇಲೆ ಊರೂರು ಅಲೆಯುತ್ತಾಳೆ. ಕಳ್ಳರು ಬರುತ್ತಾರೆ, ಕರಡಿಗಳು ಬರುತ್ತವೆ, ದಾರಿ ತಪ್ಪುತ್ತದೆ. ಟಿವಿಗೆ ಜೋಡಿಸಿದ ಕನ್ಸೋಲಿನಲ್ಲಿ ಇದನ್ನು ಆಡಬೇಕಾದರೆ ಕಂಟ್ರೋಲರನ್ನು ಎರಡೂ ಕೈಯಲ್ಲಿ ಹಿಡಿಯಬೇಕು. ಎಡ ಹೆಬ್ಬೆರಳು ಅವಳನ್ನು ನಡೆಸುತ್ತದೆ. ಬಲ ಹೆಬ್ಬೆರಳು ಅವಳ ನೋಟವನ್ನು ತಿರುಗಿಸುತ್ತದೆ, ಬಾಣಕ್ಕೆ ಗುರಿ ಇಡುತ್ತದೆ. ಬಲ ಹೆಬ್ಬೆರಳು ಕೈಕೊಟ್ಟರೆ ಅವಳು ಕುತ್ತಿಗೆ ತಿರುಗದ ಹೆಂಗಸಾಗುತ್ತಾಳೆ. ಎಡ ಬಲ ಅದಲು ಬದಲು ಮಾಡಿ ನೋಡಿದೆ. ಆಗ ನೋಡಲು ಬಂತು, ನಡೆಯಲು ಬರಲಿಲ್ಲ.

ಕೈಯ ವ್ಯಾಯಾಮಕ್ಕೆ ಮನೆ ಹತ್ತಿರದ ಕ್ಲಿನಿಕ್ಕಿಗೆ ಹೋದಾಗ ಅತ್ತೆಯೂ ಜೊತೆಗೆ ಬಂದಿದ್ದರು. ವ್ಯಾಯಾಮ ಮಾಡಿಸುವ ಡಾಕ್ಟರು ನನಗಿಂತ ಹಿರಿಯ ಮರಾಠಿ ಹೆಂಗಸು. ಒಂದು ಫಾರ್ಮು ಮುಂದಿಟ್ಟರು. ತಲೆ ಬಾಚಲು ಆಗುತ್ತದೆಯೇ, ಗುಂಡಿ ಹಾಕಲು ಆಗುತ್ತದೆಯೇ, ಬಟ್ಟೆ ಹಿಂಡಲು ಆಗುತ್ತದೆಯೇ, ಚಪಾತಿ ಲಟ್ಟಿಸಲು ಆಗುತ್ತದೆಯೇ. ಎಲ್ಲದಕ್ಕೂ ಟಿಕ್ ಹಾಕಬೇಕು. ಕೊನೆಗೆ ಅವರು ಹಿಂದಿಯಲ್ಲಿ ಕೇಳಿದರು, “ಈ ಕೈಯಿಂದ ಎಲ್ಲಕ್ಕಿಂತ ಮೊದಲು ಏನು ಮಾಡಬೇಕು ಅಂತ ಇದೆ ನಿಮಗೆ?”

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಹೇಳಿದರು, “ಚಪಾತಿ.”

“ಗೇಮ್,” ಎಂದೆ ನಾನು.

ಡಾಕ್ಟರು ಒಮ್ಮೆ ಅತ್ತೆಯನ್ನು, ಒಮ್ಮೆ ನನ್ನನ್ನು ನೋಡಿ, ಚಪಾತಿಯ ಕೆಳಗೆ ಖಾಲಿ ಇದ್ದ ಜಾಗದಲ್ಲಿ ಗೇಮ್ ಎಂದು ಬರೆದುಕೊಂಡರು. ನಮ್ಮ ಕಟ್ಟಡದ ಲಿಫ್ಟಿನೊಳಗೆ ಹೋದ ಮೇಲೆ ಅತ್ತೆ, “ಕೊತ್ತಂಬರಿ ಸೊಪ್ಪು ಕೊಚ್ಚಲಿಕ್ಕೆ ಆಗದ ಕೈ, ಆಟಕ್ಕೆ ಆಗ್ತದಾ ಮಗಾ?” ಎಂದರು. ನನಗೆ ಮೈ ಉರಿಯಿತು. ಆದರೆ ಅಷ್ಟು ತಿಂಗಳು ಅಡುಗೆಮನೆಯನ್ನು ಒಬ್ಬರೇ ಹೊತ್ತವರು ಅವರೇ. ನನ್ನ ತಲೆ ಬಾಚಿ ಜಡೆ ಹಾಕಿ ಆಫೀಸಿಗೆ ಕಳಿಸಿದವರೂ ಅವರೇ. ಮೂರನೇ ಮಹಡಿ ಬರುವವರೆಗೂ ಗೋಡೆ ನೋಡುತ್ತ ನಿಂತೆ.

ಗಂಡನಿಗೆ ಹೇಳಿದಾಗ ಅವರು ಇನ್ನೂ ಸುಲಭವಾಗಿ ಮುಗಿಸಿಬಿಟ್ಟರು. “ಕೈ ಸರಿಯಾಗ್ಲಿ ಮೊದಲು ಮಾರಾಯ್ತಿ. ಆಟ ಎಲ್ಲಿಗೂ ಓಡಿ ಹೋಗುದಿಲ್ಲ.”

“ಕೈ ಸರಿಯಾಗದಿದ್ರೆ?”

“ಆಗ್ತದೆ, ಆಗ್ತದೆ.”

ಆಗಲಿಲ್ಲ. ಎರಡು ತಿಂಗಳ ವ್ಯಾಯಾಮದ ನಂತರವೂ ಹೆಬ್ಬೆರಳು ಅರ್ಧಕ್ಕಿಂತ ಹೆಚ್ಚು ಬಗ್ಗಲಿಲ್ಲ. ಆಗ ನನ್ನ ಪಕ್ಕದ ಮೇಜಿನಲ್ಲಿ ಕೂರುವ ಸಹೋದ್ಯೋಗಿ ಒಂದು ಉಪಾಯ ಹೇಳಿದಳು. ಬೆಂಕಿಪೊಟ್ಟಣದಷ್ಟು ದೊಡ್ಡ ಒಂದು ಡಬ್ಬಿ ಸಿಗುತ್ತದೆ. ಅದನ್ನು ಕನ್ಸೋಲಿಗೆ ಸಿಕ್ಕಿಸಿದರೆ ಕಂಟ್ರೋಲರ್ ಬದಲು ಕಂಪ್ಯೂಟರಿನ ಮೌಸು, ಕೀಬೋರ್ಡು ಬಳಸಬಹುದು. ತರಿಸಿದೆ. ಎಡಗೈಗೆ ಮೌಸು, ಬಲಗೈಯ ನಾಲ್ಕು ಬೆರಳಿಗೆ ನಾಲ್ಕು ಕೀ. ಹೆಬ್ಬೆರಳಿಗೆ ರಜೆ. ಮೊದಲ ಸಂಜೆ ನನ್ನ ಬಿಲ್ಲುಗಾರ್ತಿ ಕುಡಿದವಳ ಹಾಗೆ ಗೋಡೆಗೆ ಡಿಕ್ಕಿ ಹೊಡೆದಳು. ಮೂರನೇ ಸಂಜೆ ನೇರ ನಡೆದಳು. ಐದು ತಿಂಗಳ ನಂತರ ಆ ಬೆಟ್ಟಗಳನ್ನು ಕತ್ತು ತಿರುಗಿಸಿ ನೋಡಿದಾಗ ನನಗೆ ಕಣ್ಣು ತುಂಬಿ ಬಂತು. ಇದನ್ನು ಯಾರಿಗೂ ಹೇಳಿರಲಿಲ್ಲ, ಈಗ ಬರೆಯುತ್ತಿದ್ದೇನೆ.

ಹಾಗೆ ಮೂರು ವಾರ ಕಳೆಯಿತು. ನಾಲ್ಕನೇ ವಾರದ ಶನಿವಾರ ಕನ್ಸೋಲು ತಾನಾಗಿಯೇ ಏನೋ ಅಪ್‌ಡೇಟ್ ಮಾಡಿಕೊಂಡಿತು. ಆಟ ತೆರೆದರೆ ಪರದೆಯ ನಡುವೆ ಒಂದು ಚೌಕ, ಅದರಲ್ಲಿ ಎರಡು ಸಾಲು. ಜೋಡಿಸಿರುವ ಸಾಧನಕ್ಕೆ ಅನುಮತಿ ಇಲ್ಲ, ದಯವಿಟ್ಟು ತೆಗೆಯಿರಿ.

ತೆಗೆದು ಮತ್ತೆ ಸಿಕ್ಕಿಸಿದೆ. ಅದೇ ಚೌಕ. ಕನ್ಸೋಲ್ ಆರಿಸಿ ಮತ್ತೆ ಹಚ್ಚಿದೆ. ಅದೇ ಚೌಕ.

ನನ್ನ ಸಂಬಳದಲ್ಲಿ ಕೊಂಡು, ನನ್ನ ಮನೆಯ ಕರೆಂಟಿನಲ್ಲಿ ಓಡುವ ಪೆಟ್ಟಿಗೆ, ನನ್ನ ಕೈಗೆ ಅನುಮತಿ ಇಲ್ಲ ಎನ್ನುತ್ತಿದೆ! ಕಂಪನಿಯ ಗ್ರಾಹಕ ಸೇವೆಗೆ ಬರೆದೆ. ಕೈ ಮುರಿದದ್ದು, ಬೆರಳು ಬಗ್ಗದಿರುವುದು ಎಲ್ಲವನ್ನೂ ಫೋನಿನಲ್ಲಿ ಎಡಗೈಯಿಂದ ಒಂದೊಂದೇ ಅಕ್ಷರ ಒತ್ತಿ ವಿವರಿಸಿದೆ. ಉತ್ತರ ತಕ್ಷಣ ಬಂತು. ನಿಮ್ಮ ತೊಂದರೆಗೆ ವಿಷಾದಿಸುತ್ತೇವೆ, ಆದರೆ ಇಂಥ ಡಬ್ಬಿಗಳಿಂದ ಕೆಲವರು ಮೋಸ ಮಾಡುತ್ತಾರೆ, ಎಲ್ಲ ಆಟಗಾರರಿಗೂ ನ್ಯಾಯ ಸಿಗಬೇಕು ಎಂಬುದೇ ನಮ್ಮ ಉದ್ದೇಶ ಎಂದು.

ನಾನು ಆಡುವುದು ಒಬ್ಬಳೇ. ಆ ನಾಡಿನಲ್ಲಿ ನನ್ನ ಬಿಟ್ಟು ಬೇರೆ ಮನುಷ್ಯರೇ ಇಲ್ಲ. ನಾನು ಮೌಸು ಹಿಡಿದರೆ ಅನ್ಯಾಯ ಯಾರಿಗೆ? ಕರಡಿಗಾ? ಹಾಗೆಯೇ ಬರೆದು ಕಳಿಸಿದೆ. ಈ ಸಲ ಉತ್ತರಕ್ಕೆ ಎರಡು ದಿನ ಹಿಡಿಯಿತು. ಕೈಗೆ ತೊಂದರೆ ಇರುವವರಿಗೆಂದೇ ನಾವು ವಿಶೇಷ ಕಂಟ್ರೋಲರ್ ತಯಾರಿಸಿದ್ದೇವೆ, ಆದರೆ ಅದು ಸದ್ಯಕ್ಕೆ ನಿಮ್ಮ ಪ್ರದೇಶದಲ್ಲಿ ಮಾರಾಟಕ್ಕಿಲ್ಲ. ಅದರ ಕೆಳಗೇ ಇನ್ನೊಂದು ಪ್ರಶ್ನೆ: ನಮ್ಮ ಸೇವೆ ನಿಮಗೆ ಎಷ್ಟು ತೃಪ್ತಿ ಕೊಟ್ಟಿತು, ನಕ್ಷತ್ರ ಕೊಡಿ.

ಆ ದಿನ ರಾತ್ರಿ ಊಟಕ್ಕೆ ಕೂತಾಗ ಗಂಡನಿಗೆ ಹೇಳಿದೆ, “ನನಗೆ ಕಂಪ್ಯೂಟರ್ ಬೇಕು. ಗೇಮಿನದ್ದು.”

ಅವರು ನನ್ನ ಮುಖ ನೋಡಿದರು. “ಹೋಟೆಲಿನ ಹತ್ರವೇ ಒಂದು ಅಂಗಡಿ ಉಂಟು. ಭಾನುವಾರ ಹೋಗುವ,” ಎಂದರು.

ಕಾಂದಿವಲಿಯ ಆ ಅಂಗಡಿಗೆ ಹೋದೆವು. ಬೇಕಾದದ್ದನ್ನೆಲ್ಲ ನಾನು ಒಂದು ಕಾಗದದಲ್ಲಿ ಬರೆದುಕೊಂಡಿದ್ದೆ. ಗಲ್ಲಾಪೆಟ್ಟಿಗೆಯ ಹಿಂದಿದ್ದ ಮಾಲೀಕ ನನ್ನ ಗಂಡನ ಕೈ ಕುಲುಕಿದ. ಅವರ ಹೋಟೆಲಿನ ಗಿರಾಕಿಯಂತೆ.

“ಬೇಟೇ ಕೇ ಲಿಯೇ ಕ್ಯಾ, ಅಣ್ಣಾ?” ಎಂದ. ಮಗನಿಗಾ ಎಂದು. ನಮಗೆ ಮಗನಿಲ್ಲ.

“ಇಲ್ಲ, ನನಗೆ,” ಎಂದೆ ನಾನು ಹಿಂದಿಯಲ್ಲಿ. “ಗೇಮ್ ಆಡಲಿಕ್ಕೆ.”

ಅವನು ನಕ್ಕ. ನಕ್ಕು, ನನ್ನ ಗಂಡನ ಕಡೆಗೇ ತಿರುಗಿ ಮಾತು ಮುಂದುವರಿಸಿದ. ಭಾಭಿಗಾದರೆ ಇಷ್ಟೆಲ್ಲ ಬೇಡ ಅಣ್ಣಾ, ಒಂದು ಚಿಕ್ಕ ಲ್ಯಾಪ್‌ಟಾಪ್ ಸಾಕು, ಕ್ಯಾಂಡಿ ಸಾಲು ಮಾಡುವ ಆಟ ಅದರಲ್ಲಿ ಚೆನ್ನಾಗಿ ಓಡುತ್ತದೆ, ಅಡುಗೆ ವಿಡಿಯೋನೂ ನೋಡಬಹುದು. ನಾನು ಗ್ರಾಫಿಕ್ಸ್ ಕಾರ್ಡಿನ ಬಗ್ಗೆ ಕೇಳಿದರೆ ಉತ್ತರ ಗಂಡನಿಗೆ. ಮೆಮರಿ ಬಗ್ಗೆ ಕೇಳಿದರೆ ಉತ್ತರ ಗಂಡನಿಗೆ. ಅವರೋ, ಪಾಪ, ಆ ಶಬ್ದಗಳನ್ನು ಮೊದಲ ಸಲ ಕೇಳುತ್ತಿದ್ದವರು, ಎಲ್ಲ ಗೊತ್ತಿದ್ದವರ ಹಾಗೆ “ಹಾಂ, ಹಾಂ” ಎಂದು ತಲೆ ಆಡಿಸುತ್ತಿದ್ದರು.

ನಾನು ಹೊರಗೆ ಬಂದೆ. ಗಂಡ ಹಿಂದೆಯೇ ಓಡಿ ಬಂದರು.

“ಎಂತ ಆಯ್ತು?”

“ಅವನು ಯಾರ ಹತ್ರ ಮಾತಾಡ್ತಿದ್ದ?”

“ಅವನ ಬುದ್ಧಿಯೇ ಅಷ್ಟು, ಬಿಡು. ನಾನೆಂತ ಮಾಡಿದೆ ಮಾರಾಯ್ತಿ?”

“ನೀವು ಎಂತದೂ ಮಾಡ್ಲಿಲ್ಲ. ಅದಕ್ಕೇ ಸಿಟ್ಟು. ನಿಮಗೆ ಗೊತ್ತಿಲ್ಲದ್ದಕ್ಕೆ ಹಾಂ ಹಾಂ ಅಂತೀರಿ. ಇವಳನ್ನೇ ಕೇಳು ಅಂತ ಒಂದು ಮಾತು ಹೇಳ್ಲಿಕ್ಕೆ ಬಾಯಿ ಬರ್ಲಿಲ್ವಾ?”

ಫುಟ್‌ಪಾತಿನಲ್ಲಿ ಹೋಗುವವರು ನೋಡುತ್ತಿದ್ದರು. ನೋಡಲಿ ಎಂದುಕೊಂಡೆ. ಹೆಬ್ಬೆರಳು ಮುರಿದಾಗಿನಿಂದ ನನ್ನ ಕೈ ಯಾತಕ್ಕೆ ಇದೆ ಎಂಬುದನ್ನು ಎಲ್ಲರೂ ನನಗೆ ಹೇಳುತ್ತಿದ್ದರು. ಚಪಾತಿಗೆ ಇದೆ, ನಕ್ಷೆಗೆ ಇದೆ, ಅಡುಗೆ ವಿಡಿಯೋ ನೋಡಿ ಸೌಟು ತಿರುಗಿಸುವುದಕ್ಕೆ ಇದೆ. ಗಂಡ ತಲೆ ತಗ್ಗಿಸಿ ನಿಂತರು. ಅವರು ಕೆಟ್ಟವರಲ್ಲ. ಯೋಚಿಸಿರಲಿಲ್ಲ ಅಷ್ಟೆ. ಇಪ್ಪತ್ತು ವರ್ಷದ ಸಂಸಾರದಲ್ಲಿ ಈ ‘ಅಷ್ಟೆ’ ನನಗೆ ಸಾಕುಸಾಕಾಗಿದೆ.

“ನೀವು ಹೋಟೆಲಿಗೆ ಹೋಗಿ,” ಎಂದು ಅವರನ್ನು ಕಳಿಸಿ, ನಾನೊಬ್ಬಳೇ ಅದೇ ಅಂಗಡಿಯೊಳಗೆ ಮತ್ತೆ ಹೋದೆ. ಮಾಲೀಕನ ಮುಂದೆ ಕಾಗದ ಇಟ್ಟು, “ಇದರಲ್ಲಿರುವುದು ನಿಮ್ಮಲ್ಲಿ ಇದೆಯೋ ಇಲ್ಲವೋ, ಅಷ್ಟು ಹೇಳಿ,” ಎಂದೆ. ಅವನು ಕಾಗದವನ್ನು ಓದಿ, ಈ ಸಲ ನಗದೆ, ಹಿಂದಿನ ಬೆಂಚಿನ ಕಡೆ ಕೈ ತೋರಿಸಿದ. ಅಲ್ಲಿ ಕನ್ನಡಕ ಹಾಕಿದ ಒಬ್ಬ ವಯಸ್ಸಾದ ಮೆಕ್ಯಾನಿಕ್ ಬಿಚ್ಚಿಟ್ಟ ಕಂಪ್ಯೂಟರಿನ ಮೇಲೆ ಬಗ್ಗಿ ಕೂತಿದ್ದರು. ಕಾಗದವನ್ನು ಅವರಿಗೆ ಕೊಡುವಾಗ ನಾನು ಎಡಗೈ ಚಾಚಿದ್ದನ್ನು ಅವರು ಗಮನಿಸಿದರು.

“ಕೌನ್ಸಿ ಉಂಗ್ಲಿ?” ಎಂದರು. ಯಾವ ಬೆರಳು?

ತೋರಿಸಿದೆ. ಅವರು ನನ್ನ ಕೈಯನ್ನು ಮುಟ್ಟದೆ, ತಿರುಗಿಸಿ ತೋರಿಸಲು ಹೇಳಿ, ಚೆನ್ನಾಗಿ ನೋಡಿದರು. ಒಳಗೆ ಹೋಗಿ ಎಡಗೈಗೂ ಹೊಂದುವ ಮೌಸುಗಳ ಮೂರು ಡಬ್ಬಿ ತಂದು, ಒಂದೊಂದನ್ನೂ ಹಿಡಿಸಿ ನೋಡಿದರು. ಮೂರನೆಯದು ಸರಿಹೋಯಿತು. ನಂತರ ಅಂಕಿಗಳಷ್ಟೇ ಇರುವ ಒಂದು ಚಿಕ್ಕ ಕೀಬೋರ್ಡು ಕೊಟ್ಟರು. ಯಾವ ಕೀ ಏನು ಮಾಡಬೇಕು ಎಂಬುದನ್ನು ನೀವೇ ಬದಲಿಸಿಕೊಳ್ಳಬಹುದು, ಕಂಪ್ಯೂಟರಿನಲ್ಲಿ ಯಾರನ್ನೂ ಕೇಳಬೇಕಾಗಿಲ್ಲ ಎಂದರು. ಯಾವ ಆಟ ಎಂದು ಕೇಳಿದರು. ಹೇಳಿದೆ. “ಬರ್ಫ್ ವಾಲಾ?” ಎಂದರು. ಹಿಮದ್ದಾ? ಕಾಗದದಲ್ಲಿದ್ದ ಒಂದು ಸಾಲನ್ನು ಹೊಡೆದು ಹಾಕಿ, ಅದಕ್ಕಿಂತ ಒಳ್ಳೆಯ ಕಾರ್ಡು ಬರೆದರು. ಅಷ್ಟು ತಿಂಗಳಲ್ಲಿ ಕ್ಲಿನಿಕ್ಕಿನ ಡಾಕ್ಟರನ್ನು ಬಿಟ್ಟರೆ ನನ್ನ ಕೈಯ ಬಗ್ಗೆ ನನ್ನನ್ನೇ ಕೇಳಿದವರು ಅವರೊಬ್ಬರು.

ಕಂಪ್ಯೂಟರ್ ಮನೆಗೆ ಬಂತು. ಮಲಗುವ ಕೋಣೆಯ ಕಿಟಕಿಯ ಪಕ್ಕ ಮೇಜು ಹಾಕಿಸಿಕೊಂಡೆ. ಸಿಟ್ಟು ಇಷ್ಟಕ್ಕೇ ಮುಗಿಯಿತು ಎಂದುಕೊಂಡಿದ್ದರೆ ಅದು ನನ್ನ ದಡ್ಡತನ. ಕನ್ಸೋಲಿನಲ್ಲಿ ಕೊಂಡ ಆಟ ಕಂಪ್ಯೂಟರಿನಲ್ಲಿ ನಡೆಯುವುದಿಲ್ಲ, ಅದೇ ಆಟವನ್ನು ಇನ್ನೊಮ್ಮೆ ಕೊಳ್ಳಬೇಕು. ಕೊಂಡೆ. ನಾನು ದಾಟಿದ್ದ ಊರುಗಳು, ಕೂಡಿಸಿದ್ದ ಬಾಣಗಳು, ಹೆಸರಿಟ್ಟು ಸಾಕಿದ್ದ ಕುದುರೆ, ಒಂದೂ ಈ ಕಡೆಗೆ ಬರುವುದಿಲ್ಲ. ಒಂದು ವರ್ಷದ ಸಂಜೆಗಳು ಆ ಪೆಟ್ಟಿಗೆಯೊಳಗೇ ಉಳಿದವು. ಅವು ನನ್ನವು ಎಂದು ನಾನು ತಿಳಿದಿದ್ದೆ. ಮೊದಲ ಹಳ್ಳಿಯಿಂದ, ಮೊದಲ ಮುರುಕು ಬಿಲ್ಲಿನಿಂದ ಮತ್ತೆ ಶುರು ಮಾಡಿದೆ, ಹಲ್ಲು ಕಚ್ಚಿಕೊಂಡು. ಹೊಸ ಮೌಸಿನಲ್ಲಿ ಎಡಗೈಯ ಗುರಿ ಸುಳ್ಳಾಗಿ ಬಾಣಗಳೆಲ್ಲ ಆಕಾಶಕ್ಕೆ ಹೋದವು. ಮೊದಲು ಎರಡೇಟಿಗೆ ಮುಗಿಸುತ್ತಿದ್ದ ಕಳ್ಳನ ಕೈಯಲ್ಲಿ ಹದಿನೇಳು ಸಲ ಸತ್ತೆ. ಹದಿನೆಂಟನೇ ಸಲ ಅವನು ಬಿದ್ದಾಗ ನಾನು ಕೂಗಿದ ಕೂಗಿಗೆ ಅತ್ತೆ ಗಾಬರಿಯಾಗಿ ಓಡಿ ಬಂದರು.

“ಎಂತ ಆಯ್ತು ಮಗಾ?”

“ಕಳ್ಳ ಬಿದ್ದ ಅತ್ತೆ.”

ಅವರು ಪರದೆಯ ಹತ್ತಿರ ಬಂದು ಬಿದ್ದವನನ್ನು ಪರೀಕ್ಷಿಸಿ, ತಮ್ಮ ಕೋಣೆಗೆ ಹೋದರು. ಮರುದಿನ ಸಂಜೆ ಅವರಾಗಿಯೇ ಬಂದು ಮಂಚದ ತುದಿಯಲ್ಲಿ ಕೂತರು. ಧಾರಾವಾಹಿ ಮುಗಿಯಿತಾ ಎಂದೆ. ಅದರಲ್ಲಿ ಅಳುವುದೊಂದೇ ಎಂದರು.

ನಾನು ಕುದುರೆಯನ್ನು ಬೆಟ್ಟದ ದಾರಿಯಲ್ಲಿ ಓಡಿಸುತ್ತಿದ್ದೆ. ಕೆಳಗೆ ಕಣಿವೆಯಲ್ಲಿ ಒಂದು ನದಿ, ಆಚೆ ದಡದಲ್ಲಿ ದೀಪ ಹಚ್ಚಿದ ಒಂದು ಊರು. ಅತ್ತೆ ಪರದೆಯ ಕಡೆಗೆ ಬಗ್ಗಿದರು.

“ಆ ಕುದುರೆ ಅಷ್ಟೊತ್ತಿಂದ ಓಡ್ತಾ ಉಂಟಲ್ಲ. ಅದಕ್ಕೆ ನೀರು ಕೊಡ್ಲಿಕ್ಕೆ ಇಲ್ವಾ?”

ಆಟದಲ್ಲಿ ಅಂಥದ್ದೇನೂ ಇಲ್ಲ. ಆದರೂ ಕುದುರೆಯನ್ನು ಇಳಿಸಿ ನದಿಯ ಅಂಚಿಗೆ ತಂದು ನಿಲ್ಲಿಸಿದೆ. ಅದು ತಲೆ ತಗ್ಗಿಸಿತು. ಕುಡಿಯಿತೋ ಇಲ್ಲವೋ ಗೊತ್ತಿಲ್ಲ, ಅತ್ತೆಗೆ ಸಮಾಧಾನವಾಯಿತು.

“ಈ ಹೆಂಗಸಿಗೆ ಮನೆ ಅಂತ ಇಲ್ವಾ?” ಎಂದರು ಆಮೇಲೆ.

“ಇಲ್ಲ ಅತ್ತೆ. ಹೀಗೇ ತಿರುಗುವುದು.”

“ಪುಣ್ಯವಂತೆ,” ಎಂದರು ಅತ್ತೆ. ಸೊಂಟ ಹಿಡಿದುಕೊಂಡು ಎದ್ದು, ಕುಕ್ಕರ್ ಇಡಲು ಅಡುಗೆಮನೆಗೆ ಹೋದರು.