ಏಜೆಂಟ್ ತೊಂಬತ್ತೊಂದರ ಕೈಯಲ್ಲಿ ಸಾಯುವವನು

ಕಿರಂಗೂರಿನ ನಿಂಗರಾಜು ಬೆಳಿಗ್ಗೆ ಡೈರಿಯಲ್ಲಿ ಹಾಲು ಅಳೆಯುತ್ತಾನೆ, ಸಂಜೆಯೂ ಅಲ್ಲೇ ಅಳೆಯುತ್ತಾನೆ. ನಡುವಿನ ಹೊತ್ತಿನಲ್ಲಿ, ಹದಿನೈದು ವರ್ಷದಿಂದ, ಕರೆದಾಗ ಹೋಗಿ ಸತ್ತು ಬರುತ್ತಾನೆ. ಕರೆಯುವವರು ಒಬ್ಬರೇ, ಕ್ಯಾತನಹಳ್ಳಿಯ ಚಲುವಯ್ಯನವರು. ಅವರದು ಆಲೆಮನೆ, ಕಬ್ಬು ಅರೆದು ಬೆಲ್ಲ ಮಾಡಿಸುವುದು ಕಸುಬು. ಅದರ ಜೊತೆಗೆ, ಯಾರು ಬೇಡವೆಂದರೂ ಬಿಡದೆ, ‘ಏಜೆಂಟ್ ತೊಂಬತ್ತೊಂದು’ ಅನ್ನುವ ಗೂಢಚಾರಿ ಸಿನಿಮಾಗಳನ್ನು ಒಂದಾದ ಮೇಲೊಂದು ತೆಗೆಯುವುದು ಚಟ. ಏಜೆಂಟಾಗಿರುವವನು ಅವರ ಅಕ್ಕನ ಮಗ ರಘುನಂದನ್. ಅವನ ಗುಂಡಿಗೆ ಬೀಳುವವನು ನಮ್ಮ ನಿಂಗರಾಜು.

ಮೊದಲನೆಯ ಸಿನಿಮಾ ಪಾಂಡವಪುರದಲ್ಲಿ ಐದು ವಾರ ಓಡಿತು. ಯಾಕೆ ಓಡಿತೋ ಆ ದೇವರಿಗೇ ಗೊತ್ತು, ಆದರೆ ಚಲುವಯ್ಯನವರು ತಮಗೂ ಗೊತ್ತು ಅಂದುಕೊಂಡರು. ಅದರಲ್ಲಿ ಏನೇನಿತ್ತೋ ಅಷ್ಟೂ ಮುಂದಿನದರಲ್ಲೂ ಇರಲೇಬೇಕು ಅಂತ ಹಟ ಹಿಡಿದರು. ಅದೇ ಕರಿ ಕೋಟು, ಅದೇ ಜೀಪು. ವೈರಿಗಳ ಅಡಗುತಾಣ ಮಾತ್ರ ಯಾವಾಗಲೂ ಅವರದೇ ಆಲೆಮನೆ. ಧನುರ್ಮಾಸದ ಮಂಜಿನಲ್ಲಿ ಅದು ರಷ್ಯಾ, ಬೇಸಿಗೆಯಲ್ಲಿ ದುಬೈ. ಬೆಲ್ಲದ ಒಲೆಯ ಹೊಗೆ ಎದ್ದರೆ ಬಾಂಬು ಬಿದ್ದಿದೆ ಎಂದು ನಾವು ತಿಳಿದುಕೊಳ್ಳಬೇಕು. ಎರಡನೆಯ ಸಿನಿಮಾ ಮೂರು ವಾರ ಓಡಿತು, ಮೂರನೆಯದು ಒಂದು ವಾರ. ಆಮೇಲಿನವು ಕೆ.ಆರ್. ಪೇಟೆಗೆ ಶುಕ್ರವಾರ ಬಂದು ಸೋಮವಾರ ಗಂಟುಮೂಟೆ ಕಟ್ಟಿದವು. ಆರನೆಯದನ್ನು ನಾಗಮಂಗಲದವರು ಊರೊಳಕ್ಕೇ ಬಿಟ್ಟುಕೊಳ್ಳಲಿಲ್ಲ. “ಜನ ಕೆಟ್ಟೋಗವ್ರೆ ಬುಡು” ಅಂದರು ಚಲುವಯ್ಯ. ಸಿನಿಮಾ ಕೆಟ್ಟಿರಬಹುದು ಅನ್ನುವ ಗುಮಾನಿ ಅವರಿಗೆ ಇವತ್ತಿಗೂ ಬಂದಿಲ್ಲ.

ನಿಂಗರಾಜು ಮೊದಲನೆಯದರಲ್ಲಿ ನಾಲೆಗೆ ಬಿದ್ದು ಸತ್ತ, ಎರಡನೆಯದರಲ್ಲಿ ಕಬ್ಬಿನ ಸಿಪ್ಪೆಯ ರಾಶಿಯ ಮೇಲೆ. ಮೂರನೆಯದರಲ್ಲಿ ಜೀಪಿನ ಮುಂದೆ ಎಷ್ಟು ಚೆನ್ನಾಗಿ ಸತ್ತನೆಂದರೆ, ನಾಲ್ಕನೆಯದಕ್ಕೂ ಚಲುವಯ್ಯ ಅದನ್ನೇ ಅಂಟಿಸಿಬಿಟ್ಟರು. ಆ ಸಲ ಅವನನ್ನು ಸಾಯುವುದಕ್ಕೂ ಕರೆಯಲಿಲ್ಲ. ಅವನಿಗೆ ಅದರಿಂದ ತುಂಬಾ ನೋವಾಯಿತು. ಡೈರಿಯಲ್ಲಿ ಜನ “ಯಾಕ್ಲಾ, ಇನ್ನೂ ಬದುಕಿದೀಯಾ?” ಅಂತ ರೇಗಿಸುತ್ತಿದ್ದರು, ಅವನೂ ನಗುತ್ತಿದ್ದ. ಆದರೆ ಅವನಿಗಿದ್ದ ಆಸೆ ಒಂದೇ. ಒಂದು ಸಿನಿಮಾದಲ್ಲಾದರೂ ಕೊನೆಯ ತನಕ ಜೀವದಿಂದ ಇರಬೇಕು, ಅದನ್ನು ಅವ್ವ ನೋಡಬೇಕು.

ಹೋದ ವರ್ಷ ಚಲುವಯ್ಯನವರೇ ಡೈರಿಗೆ ಬಂದರು.

“ಲೇ ನಿಂಗರಾಜು, ಏಳ್ನೇದ್ರಲ್ಲಿ ನೀನು ಸಾಯಾಕಿಲ್ಲ ಕಣ್ಲಾ. ಏಜೆಂಟಿನ ಆಫೀಸ್ನಲ್ಲಿ ಕಾಫಿ ತಂದ್ಕೊಡೋನು ನೀನು. ಕೊನೇ ಸೀನಲ್ಲಿ ಗೊತ್ತಾಯ್ತದೆ, ದೇಶಕ್ಕೆ ದ್ರೋಹ ಬಗೆದೋನು ನೀನೇಯ ಅಂತ.”

“ಯಜಮಾನ್ರೆ, ಆರು ಪಿಚ್ಚರ್ನಲ್ಲಿ ಸತ್ತಿವ್ನಿ. ಜನ ಗುರ್ತು ಇಡಿಯಾಕಿಲ್ವಾ?”

“ನಿನ್ ಮೊಕ ಯಾರ್ಗ್ಲಾ ಗ್ಯಾಪ್ಕ ಇರ್ತದೆ?”

ಬೇರೆ ದಿನವಾಗಿದ್ದರೆ ಆ ಮಾತು ಅವನನ್ನು ಚುಚ್ಚುತ್ತಿತ್ತು. ಅವತ್ತು ಅವನ ಕಾಲು ನೆಲದ ಮೇಲಿರಲಿಲ್ಲ. ಷರತ್ತು ಒಂದೇ: ಯಾರಿಗೂ ಬಾಯಿ ಬಿಡಬಾರದು. ಸಿನಿಮಾದ ಜೀವವೇ ಆ ಗುಟ್ಟು.

ಹನ್ನೊಂದು ದಿನ ರಜೆ ಹಾಕಿ ನಿಂಗರಾಜು ಕಾಫಿ ಹೊತ್ತ. ಕೊನೆಯ ಸೀನಿನಲ್ಲಿ ಅರ್ಧ ಪುಟದ ಮಾತನ್ನು ಒಂದೇ ಉಸಿರಿಗೆ ಹೇಳಿ ಮುಗಿಸಿದಾಗ ಕ್ಯಾಮೆರಾ ಹಿಡಿದವನು ಚಪ್ಪಾಳೆ ತಟ್ಟಿದ. ಅವತ್ತು ಮನೆಗೆ ಬಂದವನಿಗೆ ತಡೆದುಕೊಳ್ಳಲಾಗಲಿಲ್ಲ. ತಾಯಿ ಸೋಮಮ್ಮನಿಗೆ ಹೇಳಿಬಿಟ್ಟ, ಯಾರಿಗೂ ಹೇಳಬೇಡ ಅಂತಲೂ ಹೇಳಿದ. ಆಕೆ ಮರುದಿನ ಹಾಲು ಹಾಕಲು ನಿಂತ ಸಾಲಿನಲ್ಲಿ ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ, ಯಾರಿಗೂ ಹೇಳಬೇಡಿ ಅಂತ ಹೇಳಿದಳು.

ನಮ್ಮ ಕಡೆ ಯಾರಿಗೆ ಏನು ಒಳ್ಳೆಯದಾದರೂ ಫ್ಲೆಕ್ಸ್ ಕಟ್ಟದಿದ್ದರೆ ಅದು ಆದ ಹಾಗಲ್ಲ. ಡೈರಿಯ ಚುನಾವಣೆ ಗೆದ್ದರೂ ಫ್ಲೆಕ್ಸ್, ಎಮ್ಮೆಗೆ ಬಹುಮಾನ ಬಂದರೂ ಫ್ಲೆಕ್ಸ್. ಡೈರಿ ಅಧ್ಯಕ್ಷ ಮರಿಯಯ್ಯ ಸುಮ್ಮನಿದ್ದಾನೆಯೇ? ಬಿಡುಗಡೆಗೆ ಹದಿನೈದು ದಿನ ಇರುವಾಗ ರಸ್ತೆ ಬದಿಗೆ ಆಳೆತ್ತರದ ಫ್ಲೆಕ್ಸ್ ಎದ್ದಿತು. “ಏಳನೇ ಸಿನಿಮಾದಲ್ಲಿ ಸಾಯದೆ, ಕೊನೆಯ ಸೀನಿನಲ್ಲಿ ದೇಶದ್ರೋಹಿಯಾಗಿ ಮಿಂಚಲಿರುವ ನಮ್ಮೂರ ಹೆಮ್ಮೆಯ ಕುವರ ನಿಂಗರಾಜುರವರಿಗೆ ಹಾರ್ದಿಕ ಶುಭಾಶಯಗಳು.” ಕೆಳಗೆ ಶುಭ ಕೋರುವವರ ನಲವತ್ತೆರಡು ಮುಖ.

ಗಂಜಾಂನ ನಿಮಿಷಾಂಬಾ ಗುಡಿಗೆ ಸಿನಿಮಾದ ಹೆಸರಿನಲ್ಲಿ ಪೂಜೆ ಮಾಡಿಸಲು ಹೊರಟಿದ್ದ ಚಲುವಯ್ಯ ಅದನ್ನು ಓದಿದರು. ಕಾರು ನಿಲ್ಲಿಸಿ ಇನ್ನೊಂದು ಸಲ ಓದಿದರು. ಪೂಜೆ ಮುಗಿಸಿದವರೇ ಸೀದಾ ಡೈರಿಗೆ ಬಂದು ನಿಂಗರಾಜುವಿನ ಮುಂದೆ ನಿಂತರು. ಬೈಯಲಿಲ್ಲ, ಅದಕ್ಕೇ ಅವನಿಗೆ ಹೆದರಿಕೆಯಾಗಿದ್ದು.

“ನಾಳೆ ಬಂದು ಸತ್ತೋಗು” ಅಂದರು.

ಮಾರನೆಯ ದಿನ ಏಜೆಂಟಿಗೆ ಕಾಫಿ ಕೊಡುತ್ತಿರುವಾಗಲೇ ಕಿಟಕಿಯಿಂದ ಬಂದ ಗುಂಡಿಗೆ ನಿಂಗರಾಜು ಬಿದ್ದ. ಸಿನಿಮಾ ಶುರುವಾಗಿ ಒಂಬತ್ತನೇ ನಿಮಿಷ. ದ್ರೋಹಿಯ ಪಾತ್ರವನ್ನು ಇನ್ಯಾರನ್ನೂ ನಂಬಿ ಕೊಡುವ ಹಾಗಿಲ್ಲವೆಂದು ಚಲುವಯ್ಯನವರೇ ಮಾಡಿದರು. ಫ್ಲೆಕ್ಸನ್ನು ಕೀಳಿಸಬೇಡಿ ಅಂತಲೂ ಹೇಳಿದರು. ಅದು ಈಗ ಸುಳ್ಳಾಗಿತ್ತಲ್ಲ, ಗೂಢಚಾರಿಕೆಯ ಸಿನಿಮಾಕ್ಕೆ ಅಷ್ಟು ಸುಳ್ಳು ಒಳ್ಳೆಯದೇ ಅಂತ ಅವರ ಲೆಕ್ಕ. ನಿಂಗರಾಜು ಈ ಸಲ ಅವ್ವನಿಗೂ ಬಾಯಿ ಬಿಡಲಿಲ್ಲ. ಗುಟ್ಟು ಕಾಪಾಡಬೇಕು ಅನ್ನುವುದಕ್ಕಿಂತ ನಾಚಿಕೆಯೇ ಹೆಚ್ಚು. ಆಕೆ ಆಗಲೇ ಹೊಸ ಸೀರೆ ತೆಗೆದಿಟ್ಟಿದ್ದಳು.

ಬಿಡುಗಡೆಯ ದಿನ ಶ್ರೀರಂಗಪಟ್ಟಣದ ಟಾಕೀಸಿಗೆ ಕಿರಂಗೂರಿನವರು ಎರಡು ಟ್ರಾಕ್ಟರಿನಲ್ಲಿ ಬಂದರು. ಫ್ಲೆಕ್ಸ್ ನೋಡಿ ಅಕ್ಕಪಕ್ಕದ ಊರಿನವರೂ ಬಂದರು. ಎಷ್ಟೋ ವರ್ಷದಿಂದ ಕಾಣದ ಹೌಸ್‌ಫುಲ್ ಬೋರ್ಡನ್ನು ಟಾಕೀಸಿನವರು ಹುಡುಕಿ, ಧೂಳು ಒರೆಸಿ ತೂಗುಹಾಕಿದರು. ಕಾಫಿ ಲೋಟ ಹಿಡಿದು ನಿಂಗರಾಜು ಪರದೆಯ ಮೇಲೆ ಬಂದಾಗ ಎದ್ದ ಶಿಳ್ಳೆ ಏಜೆಂಟಿಗೂ ಬಿದ್ದಿರಲಿಲ್ಲ. ಮರುಗಳಿಗೆ ಗುಂಡು ಹಾರಿತು. ಲೋಟ ಉರುಳಿತು.

“ನಾಟ್ಕ ಕಣ್ರಲಾ, ಎದ್ದೇಳ್ತಾನೆ ತಾಳಿ” ಅಂದ ಮರಿಯಯ್ಯ. ಪಾಪ, ಎಲ್ಲರೂ ತಾಳಿದರು. ರಘುನಂದನ್ ಜೀಪು ಓಡಿಸಿದ, ರಷ್ಯಾಕ್ಕೆ ಹೋದ, ಹಾಡಿ ಕುಣಿದ. ಅಷ್ಟು ಹೊತ್ತೂ ಜನ ಕಾದದ್ದು ಆ ಹೆಣ ಏಳಲಿ ಅಂತ. ಗೋಡೆಗೆ ಒರಗಿ ನಿಂತಿದ್ದ ನಿಂಗರಾಜುವಿಗೆ ಅದನ್ನು ನೋಡಲಾಗಲಿಲ್ಲ.

ಇಂಟರ್ವೆಲ್ ಆಗುತ್ತಿದ್ದಂತೆ ಊರೇ ಅವನನ್ನು ಸುತ್ತಿಕೊಂಡಿತು. ಹಿಂದಿನಿಂದ ಚಲುವಯ್ಯನವರ ಕೈ ಅವನ ಹೆಗಲ ಮೇಲೆ ಬಿತ್ತು, ಬಾಯಿ ಕಿವಿಗೆ ಹತ್ತಿರವಾಯಿತು. “ಎದ್ದೇಳ್ತೀನಿ ಅನ್ಲಾ. ಇವ್ರು ಎದ್ದೋದ್ರೆ ಒಳಗೆ ಒಂದ್ನರಪಿಳ್ಳೆ ಇರಾಕಿಲ್ಲ. ಎಂಟ್ನೇದು ನಿಂದೇಯ. ಏಜೆಂಟಿನ ಅಪ್ಪ. ನಿಮಿಷಾಂಬನಾಣೆ ಸಾಯ್ಸಾಕಿಲ್ಲ.”

ಹದಿನೈದು ವರ್ಷದ ಆಸೆ ಒಂದು ಮಾತಿನಷ್ಟು ದೂರದಲ್ಲಿತ್ತು. ದ್ರೋಹಿಯ ಪಾತ್ರಕ್ಕೆ ಅವನು ಕಲಿತ ಅರ್ಧ ಪುಟದ ಮಾತಿಗಿಂತ ಇದು ಸಣ್ಣದು. ಒಂದು ‘ಹೂಂ’ ಅಷ್ಟೆ.

ಸೋಮಮ್ಮ ಮುಂದೆ ಬಂದಳು. “ಯೋಳು ಮಗ, ಪರದೆ ಮ್ಯಾಲೆ ಇನ್ನೊಂದ್ ದಪ ಬತ್ತೀಯಾ? ಬತ್ತೀಯ ಅಂದ್ರೆ ಕಾಲು ನೋವಾದ್ರೂ ಕೂತ್ಕತೀನಿ.”

ನಿಂಗರಾಜು ಹೆಗಲ ಮೇಲಿನ ಕೈಯನ್ನು ಮೆಲ್ಲಗೆ ಎತ್ತಿ ಪಕ್ಕಕ್ಕಿಟ್ಟ.

“ಇಲ್ಲ ಕಣವ್ವಾ. ಸತ್ತೋದೆ. ನಡಿ, ಟ್ರಾಕ್ಟರ್ ಹತ್ತು.”